‘ಮೇಲರ್ ಡೀಮನ್’ನಿಂದ ಇಮೇಲ್ ಬಂದರೆ ಅಕೌಂಟ್ ಹ್ಯಾಕ್ ಆಗಿದೆ ಎಂದರ್ಥವೇ?

‘ಮೇಲರ್ ಡೀಮನ್’ ಹೆಸರಿನ ಇಮೇಲ್ ಬಂದರೆ ನಿಮ್ಮ ಅಕೌಂಟ್ ಹ್ಯಾಕ್ ಆಗಿದೆ, ತೆರೆಯದೆ ಡಿಲೀಟ್ ಮಾಡಿ ಎಂಬಂಥ ಸಲಹೆ ನಿಮಗೂ ಬಂದಿರಬಹುದು. ಸಾಮಾನ್ಯವಾಗಿ ಇದು ನಿಜವಲ್ಲ. ಓದದೆ ಡಿಲೀಟ್ ಮಾಡಿದರೆ ನಷ್ಟ ನಿಮಗೇ ಆಗಬಹುದು.

ಕಂಪ್ಯೂಟರ್ ಲೋಕದಲ್ಲಿ ಡೀಮನ್ ಎಂದರೆ ದೆವ್ವವಲ್ಲ, ಹಿನ್ನೆಲೆಯಲ್ಲಿ ತನ್ನಷ್ಟಕ್ಕೆ ಓಡುವ ಪ್ರೋಗ್ರಾಂ. ವಿಳಾಸ ತಪ್ಪಿಯೋ ಇನ್‌ಬಾಕ್ಸ್ ತುಂಬಿಯೋ ನಿಮ್ಮ ಮೇಲ್ ತಲುಪದಿದ್ದರೆ ಸರ್ವರ್ ನಿಮಗೆ ತಿಳಿಸುತ್ತದೆ. ಇದಕ್ಕೆ ‘ಬೌನ್ಸ್’ ಎನ್ನುತ್ತಾರೆ.

ಅಂಚೆಯಲ್ಲಿ ಕವರಿನ ಮೇಲೊಂದು ವಿಳಾಸ, ಒಳಗಿನ ಕಾಗದದಲ್ಲೊಂದು ‘ಇಂದ’ ಇರುತ್ತದಲ್ಲವೇ? ಇಮೇಲಿನಲ್ಲೂ ಹಾಗೆಯೇ. ನಮಗೆ ಕಾಣುವ ಹೆಸರು ಒಳಗಿನ ಕಾಗದದ್ದು. ಬೌನ್ಸ್ ಕಳುಹಿಸುವಾಗ ಕವರಿನ ಮೇಲೆ ಕಳುಹಿಸಿದವರ ಜಾಗವನ್ನು ಬೇಕೆಂದೇ ಖಾಲಿ ಬಿಡುತ್ತಾರೆ. ಬೌನ್ಸ್ ಕೂಡ ತಲುಪದಿದ್ದರೆ ಅದಕ್ಕೊಂದು ಬೌನ್ಸ್, ಅದಕ್ಕೆ ಮತ್ತೊಂದು ಎಂದು ಎರಡು ಸರ್ವರ್‌ಗಳು ಕೊನೆಯಿಲ್ಲದೆ ಮೇಲ್ ಕಳುಹಿಸುತ್ತಾ ಕೂರಬಾರದಲ್ಲ! ಜಾನ್ ಪೋಸ್ಟೆಲ್ 1982ರಲ್ಲಿ ಬರೆದ ಎಸ್‌ಎಂಟಿಪಿ ನಿಯಮದಲ್ಲೇ ಈ ಉಪಾಯವಿದೆ. ಖಾಲಿ ವಿಳಾಸಕ್ಕೆ ಸರ್ವರ್‌ಗಳು ಅವಕಾಶ ಕೊಡಲೇಬೇಕು ಎಂದು 1989ರ ಆರ್‌ಎಫ್‌ಸಿ 1123 ಸ್ಪಷ್ಟಪಡಿಸಿತು.

ಸ್ಪ್ಯಾಮ್ ಕಳುಹಿಸುವವರೂ ಈ ಖಾಲಿ ಜಾಗವನ್ನು ಬಳಸಿಕೊಳ್ಳುತ್ತಾರೆ. ಹಾಗಾಗಿ ಕೆಲವು ಅಡ್ಮಿನ್‌ಗಳು ಇಂಥ ಮೇಲ್‌ಗಳನ್ನೆಲ್ಲ ಬ್ಲಾಕ್ ಮಾಡಿಬಿಡುತ್ತಾರೆ. ಅವರ ಕಷ್ಟ ಅರ್ಥವಾಗುತ್ತದೆ, ಆದರೆ ಇದು ನೆಗಡಿಗೆ ಮೂಗು ಕೊಯ್ದಂತೆ. ಅಲ್ಲಿನ ಉದ್ಯೋಗಿಯೊಬ್ಬರು ಒಂದಕ್ಷರ ತಪ್ಪಿದ ವಿಳಾಸಕ್ಕೆ ಟೆಂಡರ್ ಕಾಗದ ಕಳುಹಿಸಿದರೆ, ಅದು ತಲುಪಲಿಲ್ಲ ಎಂಬ ಸುದ್ದಿಯೂ ಅವರಿಗೆ ಸಿಗುವುದಿಲ್ಲ. ಕೊನೆಯ ದಿನಾಂಕ ಮುಗಿದಿರುತ್ತದೆ.

ಅಡ್ಮಿನ್‌ಗಳಿಗೆ ಇನ್ನೊಂದು ಹೊಣೆಯೂ ಇದೆ. ಮೇಲ್ ಸ್ವೀಕರಿಸುವ ಪ್ರತಿ ಡೊಮೈನ್‌ನಲ್ಲೂ ‘ಪೋಸ್ಟ್‌ಮಾಸ್ಟರ್’ ಎಂಬ ವಿಳಾಸ ಇರಲೇಬೇಕು ಎನ್ನುತ್ತದೆ 2008ರ ಆರ್‌ಎಫ್‌ಸಿ 5321. ದೂರು ಹೇಳಬೇಕಾದ ಜಾಗ ಅದು. ಅಲ್ಲಿಗೆ ಬಂದದ್ದನ್ನು ಯಾರೂ ಓದದಿದ್ದರೆ ವಿಳಾಸ ಇದ್ದೂ ಇಲ್ಲದಂತೆಯೇ.

ನೀವು ಕಳುಹಿಸದೇ ಇದ್ದ ಮೇಲ್‌ಗೆ ಬೌನ್ಸ್ ಬಂದರೆ? ಹೆಚ್ಚಾಗಿ ಯಾರೋ ನಿಮ್ಮ ವಿಳಾಸವನ್ನು ಕವರಿನ ಮೇಲೆ ಸುಳ್ಳೇ ಬರೆದಿರುತ್ತಾರೆ. ಅದಕ್ಕೆ ನಿಮ್ಮ ಪಾಸ್‌ವರ್ಡ್ ಬೇಕಿಲ್ಲ. ಆದರೂ ‘ಸೆಂಟ್’ ಫೋಲ್ಡರ್ ನೋಡಿ. ನಿಮಗೆ ಗೊತ್ತಿಲ್ಲದ ಮೇಲ್ ಅಲ್ಲಿದ್ದರೆ ತಕ್ಷಣ ಪಾಸ್‌ವರ್ಡ್ ಬದಲಿಸಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ.

ನಕಲಿ ಬೌನ್ಸ್‌ಗಳೂ ಇವೆ. ಅಸಲಿ ಬೌನ್ಸ್‌ನಲ್ಲಿ ತಲುಪದ ವಿಳಾಸ, ಕಾರಣ, ಸಾಮಾನ್ಯವಾಗಿ 550ರಂಥ ಒಂದು ಸಂಖ್ಯೆ ಇರುತ್ತದೆ. ‘ಮೇಲ್ ಬಿಡುಗಡೆ ಮಾಡಲು ಇಲ್ಲಿ ಲಾಗಿನ್ ಆಗಿ’ ಎಂದು ಲಿಂಕ್ ಕೊಟ್ಟು ಪಾಸ್‌ವರ್ಡ್ ಕೇಳಿದರೆ ಮಾತ್ರ ಅದನ್ನು ಒತ್ತದೆ ಡಿಲೀಟ್ ಮಾಡಿ.