ಜುರಾ ತಪ್ಪಲು: ಆರು ವರ್ಷ ಕಾಯುವ ದ್ರಾಕ್ಷಿ ಸೀಮೆ

ಫ್ರಾನ್ಸ್ ದೇಶದ ಪೂರ್ವ ಗಡಿಯಲ್ಲಿ, ಸ್ವಿಟ್ಜರ್ಲೆಂಡಿಗೆ ಹೊಂದಿಕೊಂಡು ಜುರಾ ಬೆಟ್ಟಸಾಲು ಇದೆ. ಅದರ ಪಶ್ಚಿಮದ ತಪ್ಪಲಿನಲ್ಲಿ ಸುಮಾರು 80 ಕಿ.ಮೀ. ಉದ್ದಕ್ಕೂ ದ್ರಾಕ್ಷಿ ತೋಟಗಳಿವೆ. ಒಟ್ಟು ವಿಸ್ತೀರ್ಣ ಸುಮಾರು 2,000 ಹೆಕ್ಟೇರ್, ಅಂದರೆ 5,000 ಎಕರೆ ಮಾತ್ರ. ಫ್ರಾನ್ಸಿನ ಚಿಕ್ಕ ವೈನ್ ಸೀಮೆಗಳಲ್ಲಿ ಇದೂ ಒಂದು. ಆದರೂ ಇಲ್ಲಿನ 'ಹಳದಿ ವೈನ್' ಜಗತ್ತಿಗೆ ಪರಿಚಿತ.

ಚಳಿ ಮತ್ತು ರೋಗ

ಇಲ್ಲಿ ಚಳಿಯೂ ಹೆಚ್ಚು, ಮಳೆಯೂ ಹೆಚ್ಚು. ತಗ್ಗಿನಲ್ಲಿ ಹಿಮ ಕಟ್ಟುವುದರಿಂದ ಬಿಸಿಲು ಬೀಳುವ ಇಳಿಜಾರಿನಲ್ಲೇ ಬಳ್ಳಿ ನೆಡುತ್ತಾರೆ. ಏಪ್ರಿಲ್‌ನಲ್ಲಿ ಚಿಗುರು ಒಡೆದ ಮೇಲೆ ಹಿಮ ಬಿದ್ದರೆ ಆ ವರ್ಷದ ಫಸಲು ಹೋದಂತೆಯೇ. 2021ರಲ್ಲಿ ಹೀಗೆಯೇ ಭಾರೀ ನಷ್ಟವಾಯಿತು.

19ನೇ ಶತಮಾನದಲ್ಲಿ ಇಲ್ಲಿ ಸುಮಾರು 20,000 ಹೆಕ್ಟೇರ್ ದ್ರಾಕ್ಷಿ ಇತ್ತು. ಬೇರು ಹೀರುವ ಫಿಲಾಕ್ಸೆರಾ ಎಂಬ ಹೇನು ಆ ಶತಮಾನದ ಕೊನೆಗೆ ಬಳ್ಳಿಗಳನ್ನು ಒಣಗಿಸಿತು. ಅಮೆರಿಕದ ಕಾಡುದ್ರಾಕ್ಷಿಯ ಬೇರಿಗೆ ಊರಿನ ತಳಿ ಕಸಿ ಮಾಡಿದ್ದೇ ಅದಕ್ಕೆ ಪರಿಹಾರವಾಯಿತು. ಜತ್ತ, ವಿಜಯಪುರ ಕಡೆಯ ಬೆಳೆಗಾರರು ಬಳಸುವ ಡಾಗ್‌ರಿಜ್ ಕೂಡ ಅಮೆರಿಕ ಮೂಲದ ಬೇರೇ. ಇಲ್ಲಿ ಅದು ಬರಕ್ಕೆ, ಉಪ್ಪುನೀರಿಗೆ ಮದ್ದು. ಜುರಾದಲ್ಲಿ ತೋಟಗಳು ಉಳಿದವು, ಆದರೆ ಹಳೆಯ ವಿಸ್ತಾರ ಮರಳಲಿಲ್ಲ.

ಹಳದಿ ವೈನ್

ಸಾವಾನ್ಯಾಂ ಎಂಬ ಬಿಳಿ ದ್ರಾಕ್ಷಿಯನ್ನು ತಡವಾಗಿ ಕೊಯ್ದು, ವೈನ್ ಮಾಡಿ, ಓಕ್ ಮರದ ಪೀಪಾಯಿಗೆ ತುಂಬುತ್ತಾರೆ. ಬೇರೆ ಕಡೆ ಆವಿಯಾಗಿ ಇಳಿದಷ್ಟನ್ನು ಮತ್ತೆ ತುಂಬುವುದು ರೂಢಿ. ಇಲ್ಲಿ ತುಂಬುವುದಿಲ್ಲ. ವೈನಿನ ಮೇಲೆ ಯೀಸ್ಟಿನ ತೆಳು ಪೊರೆ ಕಟ್ಟುತ್ತದೆ. ಗಾಳಿ ತಾಗಿ ಹುಳಿಯಾಗದಂತೆ ಆ ಪೊರೆ ಕಾಯುತ್ತದೆ. ಅಕ್ರೋಟಿನಂಥ ರುಚಿ ಬರುವುದೂ ಅದರಿಂದಲೇ. ಕೊಯ್ಲಿನ ನಂತರದ ಆರನೇ ವರ್ಷದ ಡಿಸೆಂಬರ್ 15ರವರೆಗೆ ಮಾರುವಂತಿಲ್ಲ. ಅಷ್ಟರಲ್ಲಿ ಒಂದು ಲೀಟರಿಗೆ 62 ಸೆಂಟಿಲೀಟರ್ ಉಳಿಯುತ್ತದೆ ಎಂಬುದು ಲೆಕ್ಕ. ಅದಕ್ಕೇ ಇದರ ಬಾಟಲಿಯೂ 62 ಸೆಂಟಿಲೀಟರಿನದು.

ಪಾಶ್ಚರನ ಊರು

ವಿಜ್ಞಾನಿ ಲೂಯಿ ಪಾಶ್ಚರ್ ಬೆಳೆದದ್ದು ಈ ಸೀಮೆಯ ಆರ್ಬುವಾ ಊರಿನಲ್ಲಿ. ವೈನ್ ಕೆಡುವುದೇಕೆ ಎಂದು 1860ರ ದಶಕದಲ್ಲಿ ಇಲ್ಲೇ ಪರೀಕ್ಷಿಸಿದ. ಹದವಾಗಿ ಬಿಸಿ ಮಾಡಿದರೆ ಕೆಡುವುದಿಲ್ಲ ಎಂದು ತೋರಿಸಿದ. ಇಂದಿನ ಪ್ಯಾಕೆಟ್ ಹಾಲಿನ ಪಾಶ್ಚರೀಕರಣದ ಬೇರು ಅಲ್ಲಿದೆ. 1878ರಲ್ಲಿ ತನ್ನ ತೋಟದ ಬಳ್ಳಿಗಳಿಗೆ ಗಾಜಿನ ಮನೆ ಕಟ್ಟಿಸಿದ. ಆ ಗೊಂಚಲುಗಳ ರಸ ಹುದುಗಲಿಲ್ಲ. ಯೀಸ್ಟ್ ಹಣ್ಣಿನ ಒಳಗೆ ಹುಟ್ಟುವುದಿಲ್ಲ, ಹೊರಗಿನಿಂದ ಬರುತ್ತದೆ ಎಂದು ಸಾಬೀತಾಯಿತು.

ಹೆಸರಿನ ಬೆಲೆ

ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಪದ್ಧತಿ ಫ್ರಾನ್ಸಿನಲ್ಲಿ ಆರಂಭವಾದಾಗ, 1936ರ ಮೊದಲ ಪಟ್ಟಿಯಲ್ಲೇ ಆರ್ಬುವಾ ಸೇರಿತು. ಹಳದಿ ವೈನಿಗೇ ಮೀಸಲಾದ ಶಾತೊ-ಶಾಲೊಂ ಗ್ರಾಮಕ್ಕೂ ಅದೇ ವರ್ಷ ಮಾನ್ಯತೆ ಸಿಕ್ಕಿತು. ಸಾಂಗ್ಲಿಯ ಒಣದ್ರಾಕ್ಷಿ, ಸೊಲ್ಲಾಪುರದ ಚಾದರಕ್ಕೆ ಸಿಕ್ಕಿರುವ ಜಿ.ಐ. ಗುರುತು ಇದೇ ಬಗೆಯದು.

ಗುರುತು ಸಿಕ್ಕರೆ ಸಾಲದು, ಉಳಿಸಿಕೊಳ್ಳಬೇಕು. ಶಾತೊ-ಶಾಲೊಂನಲ್ಲಿ ಕೊಯ್ಲಿಗೆ ಮುಂಚೆ ತೋಟಗಳ ತಪಾಸಣೆ ನಡೆಯುತ್ತದೆ. ಹಣ್ಣು ಹದಕ್ಕೆ ಬಾರದ ಕಾರಣ 1974, 1980, 1984 ಮತ್ತು 2001ರಲ್ಲಿ ಆ ಹೆಸರಿನ ವೈನನ್ನು ಬೆಳೆಗಾರರು ಮಾಡಲೇ ಇಲ್ಲ. ಒಂದು ವರ್ಷದ ದುಡ್ಡು ಹೋಯಿತು, ಊರಿನ ಹೆಸರು ಉಳಿಯಿತು.