ಒಳಗೇ ಮಲಗಿರುವ ಜ್ವರ

ಮಾದಪ್ಪನ ಎಪ್ಪತ್ತೇಳು ಮಲೆಗಳನ್ನು ಹಾಡಿ ಹೊಗಳುವ ನಮ್ಮ ಕಡೆಯ ಹೆಂಗಸರೇ ಆ ಮಲೆಯ ನೀರಿಗೆ ಹೆದರುತ್ತಿದ್ದರು. ತಾಳುಬೆಟ್ಟದಿಂದಾಚೆಗೆ ಕಾಡುನೀರು ಕುಡಿದರೆ ಚಳಿಜ್ವರ ಬರುತ್ತದೆಂದು ನಮ್ಮಜ್ಜಿಯ ನಂಬಿಕೆ. ರೊನಾಲ್ಡ್ ರಾಸ್ 1897ರಲ್ಲೇ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಜೀವಾಣುವನ್ನು ಕಂಡಿದ್ದರು. ಆ ಸುದ್ದಿ ಅಜ್ಜಿಯವರೆಗೆ ಬಂದಿರಲಿಲ್ಲ. ಆದರೆ ಅಜ್ಜಿಯ ಇನ್ನೊಂದು ಮಾತು ಸುಳ್ಳಲ್ಲ: "ಈ ಜ್ವರ ಹೋಗಲ್ಲ ಕಣವ್ವ, ಒಳಗೇ ಮನಗಿರ್ತದ."

ಮಲೇರಿಯಾದಲ್ಲಿ ವೈವಾಕ್ಸ್ ಎಂಬ ಜಾತಿಯೊಂದಿದೆ. ಅದರ ಕೆಲವು ಜೀವಾಣುಗಳು ರಕ್ತಕ್ಕೆ ಇಳಿಯದೆ ಪಿತ್ತಜನಕಾಂಗದಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ನಿದ್ದೆ ಹೊಡೆಯುತ್ತವೆ. ಎದ್ದ ದಿನ ಮತ್ತೆ ಅದೇ ನಡುಕ, ಅದೇ ಕಂಬಳಿ. ಈ ಮಲಗಿದ ರೂಪವನ್ನು ಕ್ರೊಟೊಸ್ಕಿ ಮತ್ತು ಅವರ ಜೊತೆಗಾರರು ಸೂಕ್ಷ್ಮದರ್ಶಕದಲ್ಲಿ ಗುರುತಿಸಿದ್ದು 1980ರ ದಶಕದ ಆರಂಭದಲ್ಲಿ. ಔಷಧದ ಹುಡುಕಾಟ ಮಾತ್ರ ಅದಕ್ಕೂ ಬಹಳ ಹಿಂದಿನದು. ಶತ್ರುವಿನ ಮುಖ ನೋಡದೆಯೇ ಗುಂಡು ಹೊಡೆದಂತೆ!

ನಮ್ಮ ಕೊಳ್ಳೇಗಾಲ 1956ರವರೆಗೂ ಮದರಾಸಿಗೆ, ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಪಕ್ಕದ ನೀಲಗಿರಿಗೆ ಕ್ಲೆಮೆಂಟ್ಸ್ ಮಾರ್ಕಂ 1860ರಲ್ಲಿ ಸಿಂಕೋನಾ ಗಿಡ ತರಿಸಿದರು. ಅದರ ತೊಗಟೆಯಲ್ಲಿ ಕ್ವಿನೈನ್ ಒಂದೇ ಅಲ್ಲ, ಅದರ ಬಂಧುಗಳಾದ ಇನ್ನೂ ಮೂರು ಕಹಿ ಸಾರಗಳಿದ್ದವು. ಯಾವುದು ಮೇಲು ಎಂದು ತಿಳಿಯಲು 1866ರಿಂದ 1868ರವರೆಗೆ ಮದರಾಸು ಸರ್ಕಾರದ ಸಮಿತಿ 2472 ರೋಗಿಗಳ ಮೇಲೆ ನಾಲ್ಕನ್ನೂ ಪರೀಕ್ಷಿಸಿತು. 27 ಜನರನ್ನು ಬಿಟ್ಟು ಉಳಿದವರೆಲ್ಲ ಗುಣವಾದರೆಂದು ಲೆಕ್ಕ. ಎಂಥ ಫಲಿತಾಂಶ! ನಮ್ಮ ಎಸ್ಸೆಸ್ಸೆಲ್ಸಿಯಲ್ಲೂ ಇಷ್ಟು ಬರುವುದಿಲ್ಲ. ಆದರೆ ಈ ನಾಲ್ಕೂ ರಕ್ತದಲ್ಲಿರುವ ಜೀವಾಣುವನ್ನಷ್ಟೇ ಕೊಲ್ಲುವಂಥವು. ಮಲಗಿದ್ದನ್ನು ಮುಟ್ಟುವುದಿಲ್ಲ. ಆ ಗುಣವಾದವರಲ್ಲಿ ವೈವಾಕ್ಸ್‌ನವರೆಷ್ಟೋ ಮಂದಿ ಮನೆಗೆ ಹೋಗಿ ಮತ್ತೆ ನಡುಗಿರಲೇಬೇಕು.

ಮಲಗಿದ್ದನ್ನು ಮುಟ್ಟುವ ಮೊದಲ ಔಷಧ ಪ್ಲಾಸ್ಮೊಕಿನ್. ಜರ್ಮನಿಯಲ್ಲಿ ತಯಾರಾಗಿ 1926ರಲ್ಲಿ ಹೊರಬಂತು. ಕಸೌಲಿಯಲ್ಲಿದ್ದ ಸಿಂಟನ್ ಎಂಬ ಮಿಲಿಟರಿ ಡಾಕ್ಟರು ಪದೇ ಪದೇ ಜ್ವರ ಬರುತ್ತಿದ್ದ ಬ್ರಿಟಿಷ್ ಸೈನಿಕರಿಗೆ ಇದನ್ನು ಕ್ವಿನೈನ್ ಜೊತೆ ಕೊಟ್ಟು ನೋಡಿದರು. ಮರುಕಳಿಸುವುದು ಬಹಳ ಕಡಿಮೆಯಾಯಿತು. ಆದರೆ ಪ್ರಮಾಣ ಸ್ವಲ್ಪ ಏರಿದರೆ ಹೊಟ್ಟೆ ಹಿಂಡುವ ನೋವು, ತುಟಿ ನೀಲಿ. ಕೆಲವರಿಗಂತೂ ರಕ್ತಕಣ ಒಡೆದು ಮೂತ್ರ ಕಪ್ಪು. ಕಡಿಮೆ ಕೊಟ್ಟರೆ ಜ್ವರ ಏಳುತ್ತದೆ, ಹೆಚ್ಚು ಕೊಟ್ಟರೆ ಮನುಷ್ಯ ಮಲಗುತ್ತಾನೆ.

ಇದಕ್ಕಿಂತ ಸೌಮ್ಯವಾದ ಪ್ರಿಮಾಕ್ವಿನ್ ಎರಡನೆಯ ಮಹಾಯುದ್ಧದ ಹೊತ್ತಿನ ಸಂಶೋಧನೆಯಿಂದ ಬಂತು. ಪ್ರಮಾಣ ಗೊತ್ತುಮಾಡಿದ್ದು ಅಮೆರಿಕದ ಸ್ಟೇಟ್‌ವಿಲ್ ಜೈಲಿನ ಕೈದಿಗಳ ಮೇಲೆ. ಅವರು ಒಪ್ಪಿಯೇ ಸೊಳ್ಳೆ ಕಚ್ಚಿಸಿಕೊಂಡರಂತೆ. ಬೀಗ ಹಾಕಿದ ಬಾಗಿಲ ಹಿಂದಿನ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬಾರದು. ಕೊರಿಯಾ ಯುದ್ಧದಿಂದ ಹಡಗಿನಲ್ಲಿ ಮರಳುತ್ತಿದ್ದ ಸೈನಿಕರಿಗೆ ದಿನಕ್ಕೆ 15 ಮಿಲಿಗ್ರಾಂನಂತೆ 14 ದಿನ ಕೊಟ್ಟರು. ಕೆಲವರಿಗೆ ಮಾತ್ರ ರಕ್ತ ಒಡೆಯುವುದೇಕೆಂಬ ಒಗಟು 1956ರಲ್ಲಿ ಬಿಡಿಸಿತು. ಅವರ ಕೆಂಪು ರಕ್ತಕಣದಲ್ಲಿ ಜಿ6ಪಿಡಿ ಎಂಬ ಕಿಣ್ವ ಹುಟ್ಟಿನಿಂದಲೇ ಕಡಿಮೆ.

ನಮ್ಮ ದೇಶದಲ್ಲಿ 1958ರಲ್ಲಿ ಮಲೇರಿಯಾ ನಿರ್ಮೂಲನ ಕಾರ್ಯಕ್ರಮ ಬಂತು. 1961ರಲ್ಲಿ ರೋಗಿಗಳ ಸಂಖ್ಯೆ ಅರ್ಧ ಲಕ್ಷದ ಹತ್ತಿರಕ್ಕೆ ಇಳಿಯಿತು. 1976ರಲ್ಲಿ 64 ಲಕ್ಷಕ್ಕೆ ಏರಿತು. ಆಗ ನಾನಿನ್ನೂ ಪ್ರೈಮರಿ ಶಾಲೆಯ ಹುಡುಗಿ. ಮಲೇರಿಯಾದವರು ಮನೆಗೆ ಬಂದು ಬೆರಳು ಚುಚ್ಚಿ, ನಾಲ್ಕು ಕಹಿ ಮಾತ್ರೆ ನುಂಗಿಸಿ, ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಹನೂರಿನ ಕಡೆಗೆ ಕೊಟ್ಟಿದ್ದ ನಮ್ಮ ಚಿಕ್ಕಮ್ಮನಿಗೆ ವೈವಾಕ್ಸ್ ಎಂದು ತಿಳಿದಾಗ ಪ್ರಿಮಾಕ್ವಿನ್ ಕೊಟ್ಟರು. 14 ದಿನವಲ್ಲ, ಐದೇ ದಿನ. ಆಗ ದೇಶಕ್ಕೆಲ್ಲ ಅದೇ ಪದ್ಧತಿ. ಜಿ6ಪಿಡಿ ಪರೀಕ್ಷೆ ಹಳ್ಳಿಯಲ್ಲಿ ಎಲ್ಲಿಂದ ಬರಬೇಕು? ಐದು ದಿನವಾದರೆ ಅಪಾಯವೂ ಕಡಿಮೆ, ಜನರೂ ನುಂಗಿ ಮುಗಿಸುತ್ತಾರೆ ಎಂಬುದು ಲೆಕ್ಕಾಚಾರ. ತಪ್ಪು ಲೆಕ್ಕಾಚಾರವೆಂದು ಸುಲಭವಾಗಿ ಬೈಯಲಾರೆ. ಆದರೆ 15ನ್ನು 14ರಿಂದ ಗುಣಿಸಿದರೆ 210, ಐದರಿಂದ ಗುಣಿಸಿದರೆ 75. ಮೂರರಲ್ಲಿ ಒಂದು ಪಾಲು ಚಿಲ್ಲರೆ.

ನಾಲ್ಕು ತಿಂಗಳಿಗೆ ಚಿಕ್ಕಮ್ಮ ಬಸುರಿ, ಜ್ವರ ಮತ್ತೆ ಎದ್ದಿತು. ಬಸುರಿಗೆ ಪ್ರಿಮಾಕ್ವಿನ್ ಕೊಡುವಂತಿಲ್ಲ. ಹೊಟ್ಟೆಯಲ್ಲಿರುವ ಕೂಸಿನ ಕಿಣ್ವವನ್ನು ಯಾರು ನೋಡಿಯಾರು? ರಕ್ತದ ಜ್ವರಕ್ಕೆ ಕ್ಲೋರೋಕ್ವಿನ್ ಮಾತ್ರ. ಅದಾಗಿ ಇನ್ನೊಂದು ಸಲ ಎದ್ದಿತು. ಏಳನೇ ತಿಂಗಳಿಗೆ ಹೆರಿಗೆಯಾಗಿ ಕೂಸು ಉಳಿಯಲಿಲ್ಲ. ಮೊದಲ ಸಲದ ಮಾತ್ರೆ ಸಾಕಾಗಿದ್ದರೆ ಎಂದು ನಾನು ಈಗಲೂ ಯೋಚಿಸುವುದುಂಟು.

ಎದ್ದದ್ದು ಹಳೆಯ ಜ್ವರವೋ, ಹೊಸ ಸೊಳ್ಳೆ ಕಚ್ಚಿ ಬಂದದ್ದೋ ಎಂದು ಹೇಳುವುದು ಡಾಕ್ಟರಿಗೂ ಕಷ್ಟ. ಐದು ದಿನದ ಪದ್ಧತಿಯನ್ನು ಪರೀಕ್ಷಿಸುವುದು ಸುಲಭವಾಗದಿರಲು ಇದೂ ಒಂದು ಕಾರಣ. ರೋಗಿಗಳ ಬೆನ್ನು ಬಿಡದೆ ತಿಂಗಳುಗಟ್ಟಲೆ ರಕ್ತ ನೋಡಬೇಕು. 1999ರಲ್ಲಿ ಮುಂಬಯಿಯ ವೈದ್ಯರು ಐದು ದಿನವನ್ನೂ 14 ದಿನವನ್ನೂ ಹೋಲಿಸಿ ಪ್ರಕಟಿಸಿದಾಗ, ಐದು ದಿನದ್ದು ಮರುಕಳಿಕೆ ತಡೆಯದೆಂಬುದು ಸ್ಪಷ್ಟವಾಯಿತು. ಆಮೇಲೆ ರಾಷ್ಟ್ರೀಯ ಕಾರ್ಯಕ್ರಮವೂ 14 ದಿನಕ್ಕೆ ಬಂತು.

ಹದಿನಾಲ್ಕು ದಿನ ಎಂದರೆ ಮನೆಯೊಳಗಿನ ಕಷ್ಟ ನಿಮಗೆ ಗೊತ್ತು. ಮೂರನೇ ದಿನ ಜ್ವರ ಬಿಟ್ಟ ಗಂಡಸು ನಾಲ್ಕನೇ ದಿನ ಹೊಲಕ್ಕೆ ಹೊರಡುತ್ತಾನೆ, ಮಾತ್ರೆ ಗೂಡಿನಲ್ಲಿ ಉಳಿಯುತ್ತದೆ. ಇದಕ್ಕೆ ಉತ್ತರ ಹುಡುಕಿ 2019ರಲ್ಲಿ ಪ್ರಕಟವಾದ ಪರೀಕ್ಷೆಯೊಂದು ಅಫ್ಘಾನಿಸ್ತಾನ, ಇಥಿಯೋಪಿಯ, ಇಂಡೋನೇಷ್ಯ, ವಿಯೆಟ್ನಾಂಗಳಲ್ಲಿ ನಡೆಯಿತು. ಕಿಲೋ ತೂಕಕ್ಕೆ ಅರ್ಧ ಮಿಲಿಗ್ರಾಂನಂತೆ 14 ದಿನ ಒಂದು ಗುಂಪಿಗೆ, ಒಂದು ಮಿಲಿಗ್ರಾಂನಂತೆ ಏಳು ದಿನ ಇನ್ನೊಂದಕ್ಕೆ. ಎರಡೂ ಕೂಡಿದರೆ ಏಳೇ. ಏಳು ದಿನದ್ದೂ ಸರಿಸುಮಾರು ಅಷ್ಟೇ ಕೆಲಸ ಮಾಡಿತು. ದಿನದ ಪಾಲಿಗಿಂತ ಒಟ್ಟು ಮೊತ್ತ ಮುಖ್ಯ. ಒಂದೇ ಸಲ ನುಂಗುವ ಟಾಫೆನೊಕ್ವಿನ್‌ಗೂ 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ನುಂಗಿದ್ದನ್ನು ಹಿಂದಕ್ಕೆ ತೆಗೆಯಲಾಗದು, ಮೈಯಲ್ಲಿ ವಾರಗಟ್ಟಲೆ ಇರುತ್ತದೆ. ಆದ್ದರಿಂದ ಮೊದಲು ಜಿ6ಪಿಡಿ ಎಷ್ಟಿದೆಯೆಂದು ಅಳೆಯಲೇಬೇಕು.

ಇಲ್ಲಿ ನಮ್ಮ, ಹೆಂಗಸರ, ವಿಷಯ ಬೇರೆಯೇ ಇದೆ. ಈ ಕಿಣ್ವದ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸಿಗೆ ಅದು ಒಂದೇ. ಕೊರತೆ ಇದೆ ಅಥವಾ ಇಲ್ಲ. ನಮಗೆ ಎರಡು. ಒಂದರಲ್ಲಿ ಕೊರತೆಯಿದ್ದರೆ ಕೆಲವು ರಕ್ತಕಣ ಗಟ್ಟಿ, ಕೆಲವು ದುರ್ಬಲ. ಇದೆಯೋ ಇಲ್ಲವೋ ಎಂದಷ್ಟೇ ಹೇಳುವ ಪರೀಕ್ಷೆಯಲ್ಲಿ ಅಂಥವಳು ಎಷ್ಟೋ ಸಲ ಪಾಸಾಗಿಬಿಡುತ್ತಾಳೆ. ಪ್ರಿಮಾಕ್ವಿನ್ ನುಂಗುವಾಗ ಮೂತ್ರ ಕಪ್ಪಾದರೆ, ಕಣ್ಣು ಹಳದಿಯಾದರೆ ಅಂದೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು. ಮೂತ್ರದ ಬಣ್ಣ ಹೇಳಲು ನಾಚುವ ಸೊಸೆಯನ್ನು ಅತ್ತೆಯೇ ಕೇಳಿ ತಿಳಿಯಬೇಕು.