ಸಂದೇಶವಾಹಕ ಆರ್‌ಎನ್‌ಎ: ಟೋಪಿ ತೆಗೆಯುವಿಕೆ ಮತ್ತು ವಿಘಟನೆ

ಪ್ರೋಟೀನು ತಯಾರಿಕೆಯ ಸೂಚನೆಯನ್ನು ಕೋಶಕೇಂದ್ರದಿಂದ ಕೋಶದ್ರವ್ಯಕ್ಕೆ ಒಯ್ಯುವ ಅಣುವೇ ಸಂದೇಶವಾಹಕ ಆರ್‌ಎನ್‌ಎ (ಎಂಆರ್‌ಎನ್‌ಎ). ಇದರ ಮುಂತುದಿಯಲ್ಲಿರುವ ಮಿಥೈಲ್ ಗ್ವಾನೋಸಿನ್ ‘ಟೋಪಿ’ಯೂ ಹಿಂತುದಿಯಲ್ಲಿರುವ ಅಡಿನೈನ್ ಘಟಕಗಳ ‘ಬಾಲ’ವೂ ಅಣುವಿಗೆ ರಕ್ಷಣೆ ನೀಡುತ್ತವೆ.

ವಿಘಟನೆಯ ಹಂತಗಳು:

1. ಸಿಸಿಆರ್4-ನಾಟ್ ಮುಂತಾದ ಕಿಣ್ವ ಸಂಕೀರ್ಣಗಳು ಬಾಲವನ್ನು ಮೊಟಕುಗೊಳಿಸುತ್ತವೆ.
2. ಡಿಸಿಪಿ2 ಕಿಣ್ವವು ಡಿಸಿಪಿ1ರ ನೆರವಿನಿಂದ ಟೋಪಿಯನ್ನು ಕತ್ತರಿಸುತ್ತದೆ.
3. ಎಕ್ಸ್‌ಆರ್‌ಎನ್1 ಕಿಣ್ವವು ರಕ್ಷಣೆಯಿಲ್ಲದ ಮುಂತುದಿಯಿಂದ ಅಣುವನ್ನು ವಿಘಟಿಸುತ್ತದೆ.

ಪರ್ಯಾಯ ಮಾರ್ಗದಲ್ಲಿ ಎಕ್ಸೋಸೋಮ್ ಎಂಬ ಸಂಕೀರ್ಣವು ಹಿಂತುದಿಯಿಂದ ವಿಘಟಿಸುತ್ತದೆ. ಉಳಿದ ಟೋಪಿಯನ್ನು ಡಿಸಿಪಿಎಸ್ ಕಿಣ್ವವು ಒಡೆಯುತ್ತದೆ. ಡಿಸಿಪಿಎಸ್ ವಂಶವಾಹಿಯ ಎರಡೂ ಪ್ರತಿಗಳಲ್ಲಿ ದೋಷವಿದ್ದರೆ ಮಕ್ಕಳ ಬೌದ್ಧಿಕ ಬೆಳವಣಿಗೆ ಕುಂಠಿತವಾಗುವುದು 2015ರಲ್ಲಿ ವರದಿಯಾಗಿದೆ.

ಸಾರ್ವಜನಿಕರ ಗಮನಕ್ಕೆ: ಎಂಆರ್‌ಎನ್‌ಎ ಲಸಿಕೆಯ ಅಣುವಿಗೂ ಟೋಪಿ ಮತ್ತು ಬಾಲಗಳಿರುತ್ತವೆ. ಅದನ್ನೂ ಜೀವಕೋಶದ ಕಿಣ್ವಗಳೇ ವಿಘಟಿಸುವುದರಿಂದ ಅದು ದೇಹದಲ್ಲಿ ಶಾಶ್ವತವಾಗಿ ಉಳಿಯುವುದಿಲ್ಲ.